ಸಹಿ ಬಿದ್ದಷ್ಟೇ ಹಣ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಪ್ಲಾಟಿನ ಮೇಲೆ ದುಡ್ಡು ಹಾಕುವವರು ಮೊದಲು ಕೇಳುವುದು ರೇಟು, ಆಮೇಲೆ ರಸ್ತೆ. ಸೂರತ್–ಚೆನ್ನೈ ಹೆದ್ದಾರಿ ಕಲಬುರಗಿ ಜಿಲ್ಲೆಯಲ್ಲಿ ಹಾಯುತ್ತದೆಂಬ ಸುದ್ದಿ ಬಂದ ಮೇಲಂತೂ ರಸ್ತೆಯ ಮಾತೇ ಹೆಚ್ಚು. ನನ್ನ ಲೆಕ್ಕ ಬೇರೆ. ಐದು–ಹತ್ತು ಲಕ್ಷದ ವ್ಯವಹಾರದಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಕರಾರು ಪತ್ರದಲ್ಲಿ: ಯಾರ್‍ಯಾರು ಸಹಿ ಮಾಡಿದರು, ಯಾವ ಕಾಗದ ಬಂದಾಗ ಎಷ್ಟು ಹಣ ಹೋಯಿತು ಎಂಬುದರಲ್ಲಿ. ಉಳಿದದ್ದು ಅದೃಷ್ಟ.

ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಮಾಡಿಸಿ, ಅರ್ಧಕ್ಕಿಂತ ಹೆಚ್ಚು ಹಣ ಕೊಟ್ಟು, ರಜಿಸ್ಟ್ರಿಗೆ ಮೊದಲೇ ಇನ್ನೊಬ್ಬರಿಗೆ ಪ್ಲಾಟು ದಾಟಿಸುವುದು ಸಣ್ಣ ಹೂಡಿಕೆದಾರರ ಇಷ್ಟದ ದಾರಿ. ಖರ್ಚು ಉಳಿಯುತ್ತದೆ, ನಿಜ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ; ಮುದ್ರಾಂಕ, ಸೆಸ್, ಸರ್ಚಾರ್ಜು ಕೂಡಿಸಿದರೆ 8 ಲಕ್ಷದ ಪ್ಲಾಟಿಗೆ ಸುಮಾರು 61 ಸಾವಿರ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಬರೀ ಮುಖ್ತ್ಯಾರ ಪತ್ರದಿಂದ ‘ಖರೀದಿ’ ಆಗದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸಾರಿದೆ. ದಾಟಿಸುವವನು ತನ್ನದಲ್ಲದ್ದನ್ನು ಮಾರುತ್ತಿದ್ದಾನೆ, ಕೊಳ್ಳುವವನು ಅದಕ್ಕೆ ಲಾಭ ಸೇರಿಸಿ ಕೊಡುತ್ತಿದ್ದಾನೆ. ಪಟ್ಟಣದೊಳಗಿನ ಆಸ್ತಿಗೆ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ನಡೆಯದು. ಹಾಗಾಗಿ ‘ಖಾತೆ ಆಮೇಲೆ ಮಾಡಿಸಿಕೊಡ್ತೀವಿ’ ಎಂಬ ಭರವಸೆಗೆ ಬೆಲೆ ಕಟ್ಟುವುದೇ ತಪ್ಪು.

ನಿಜವಾದ ಓಡಾಟ ಇರುವುದು ಸಹಿಗಳಲ್ಲಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಈ ತಾಲ್ಲೂಕುಗಳ ಬೀಗತನವೋ ಗಡಿ ದಾಟಿದ್ದು: ಆಳಂದದ ಮಗಳು ಉಮರ್ಗಾಕ್ಕೆ, ಅಫಜಲಪುರದವಳು ಅಕ್ಕಲಕೋಟೆಗೆ ಹೋಗಿರುತ್ತಾಳೆ, ತಮ್ಮಂದಿರು ದುಡಿಯಲು ಪುಣೆ, ಮುಂಬೈ ಸೇರಿರುತ್ತಾರೆ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದರೆ ಅದನ್ನೇ ನಂಬುವುದು ಅಗ್ಗದ ಧೈರ್ಯ. ವಂಶವೃಕ್ಷ ತರಿಸಿ, ಅದರಲ್ಲಿರುವ ಪಾಲುದಾರರೆಲ್ಲರ ಸಹಿ ಖರೀದಿ ದಿನಕ್ಕಲ್ಲ, ಕರಾರಿನ ದಿನಕ್ಕೇ ಪಡೆಯಬೇಕು. ಬರಲಾಗದವರು ತಾವಿರುವ ಊರಿನ ಉಪನೋಂದಣಾಧಿಕಾರಿಯ ಮುಂದೆ ಈ ಒಂದೇ ಆಸ್ತಿಗೆ ಸೀಮಿತವಾದ ಮುಖ್ತ್ಯಾರ ಪತ್ರ ಮಾಡಿಸಿ ಕಳಿಸಬಹುದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಿದ್ದರೆ 11ಇ ನಕ್ಷೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮುಂದೆ ಹೆಜ್ಜೆ ಇಡಲೇಬೇಡಿ: 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ, 2023ರ ತಿದ್ದುಪಡಿಯ ನಂತರ ಜಮೀನನ್ನು ಮರಳಿ ಕೇಳಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ.

ಇಷ್ಟೆಲ್ಲ ಕೇಳಿದರೆ ಮಾರುವವನು ಬೇರೆ ಗಿರಾಕಿ ನೋಡಿಕೊಳ್ಳುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಮದುವೆಗೋ ಸೊಸೈಟಿ ಸಾಲಕ್ಕೋ ಅವನಿಗೆ ರೊಕ್ಕ ಈಗಲೇ ಬೇಕಿರುತ್ತದೆ. ಆದರೆ ಅವಸರ ಇರುವವನಿಗೇ ನಿಗದಿತ ಕಂತು ಹೆಚ್ಚು ಉಪಯೋಗ: ಕರಾರಿಗೆ ಶೇ 10, ಇ-ಖಾತೆಯೋ ನಕ್ಷೆಯೋ ಬಂದಾಗ ಶೇ 20, ಉಳಿದದ್ದು ನೋಂದಣಿಯ ದಿನ ಬ್ಯಾಂಕಿನ ಮೂಲಕ. ಶೇ 10 ನಾನು ಹುಟ್ಟಿಸಿದ ಅಂಕಿಯಲ್ಲ. ನೋಂದಾಯಿತ ಕರಾರಿಲ್ಲದೆ ಅದಕ್ಕಿಂತ ಹೆಚ್ಚು ಪಡೆಯಬಾರದೆಂದು ರೇರಾ ಕಾಯ್ದೆಯ 13ನೇ ಕಲಮು ಲೇಔಟಿನವರನ್ನು ಕಟ್ಟಿಹಾಕಿದೆ. ಆ ಕಾಯ್ದೆ 500 ಚದರ ಮೀಟರಿಗಿಂತ ದೊಡ್ಡ ಯೋಜನೆಗಳಿಗೆ ಅನ್ವಯ; ಒಂದು ಎಕರೆ ಎಂದರೆ 4,047. ಇನ್ನು, ಕೊಳ್ಳುವವನು ಸ್ವತಃ ರೈತನಾಗಿದ್ದರೆ ಕೊನೆಯ ಕಂತನ್ನು ತೊಗರಿ ಮಾರಿದ ಮೇಲಿನ ಫೆಬ್ರುವರಿ–ಮಾರ್ಚಿಗೆ ಇಟ್ಟುಕೊಳ್ಳುವುದೇ ವಿವೇಕ. ದಸರೆಗೆ ಇಟ್ಟರೆ ಬೆಳೆ ಹೊಲದಲ್ಲೇ ಇರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಏರಿದಂತೆ ಏರಿದರೆ ಅದೂ ಇರುವುದಿಲ್ಲ.

ಹಿರಿಯರ ಮಾತಿನ ಮೇಲೆ ನಡೆಯುವ ಊರಲ್ಲಿ ಇಷ್ಟು ಅನುಮಾನವೇಕೆ ಎನ್ನುವವರಿದ್ದಾರೆ. ಮಾತು ಕೊಟ್ಟ ಹಿರಿಯರು ತೀರಿಕೊಂಡ ಮೇಲೆ ಅವರ ಮಕ್ಕಳನ್ನು ಆ ಮಾತಿಗೆ ಹಿಡಿದಿಡುವುದು ಹೇಗೆ? ಕೋರ್ಟಿಗೆ ಹೋಗಲು ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ ಮೂರೇ ವರ್ಷ. ಹೋದಾಗಲೂ ಉಳಿದ ಹಣ ಕೊಡಲು ತಾನು ಸದಾ ಸಿದ್ಧನಿದ್ದೆ ಎಂಬುದನ್ನು ಕೊಂಡವನೇ ಸಾಬೀತು ಮಾಡಬೇಕು. ಹಾಗಾಗಿ ಕೊನೆಯ ಕಂತಿನ ಹಣ ಗಡುವಿನ ದಿನ ಖಾತೆಯಲ್ಲಿರಲಿ, ಪಾಸ್‌ಬುಕ್ ಪ್ರತಿ ಕರಾರಿನ ಜೊತೆಯಲ್ಲಿರಲಿ, ತಡವಾದರೆ ಆ ವಾರವೇ ವಕೀಲರ ನೋಟಿಸು ಹೋಗಲಿ.