ಅಂಕಗಳಾಚೆಯ ಓದು

ಎಂಟು, ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಅನೇಕ ಮಕ್ಕಳು ಕಥೆಪುಸ್ತಕ ಕೆಳಗಿಡುವುದಕ್ಕೆ ಮೊಬೈಲ್ ಒಂದೇ ಕಾರಣವಲ್ಲ. ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಓದು ಎಂದರೆ ಅಂಕಕ್ಕಾಗಿ ಮಾಡುವ ಕೆಲಸವಾಗಿಬಿಡುತ್ತದೆ. ಕಾದಂಬರಿ ಹಿಡಿದು ಕೂತವರಿಗೆ ‘ಹೋಗಿ ಓದಿಕೋ’ ಎನ್ನುವ ಮನೆಗಳೂ ಇವೆ!

ಹದಿಹರೆಯದವರಿಗೆ ಮೊದಲು ಬೇಕಾದದ್ದು ಆಯ್ಕೆಯ ಸ್ವಾತಂತ್ರ್ಯ. ಶಿಕ್ಷಕರೂ ಆಗಿದ್ದ ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಪಟ್ಟಿಮಾಡಿದ ಓದುಗರ ಹತ್ತು ಹಕ್ಕುಗಳಲ್ಲಿ ಪುಟ ಹಾರಿಸುವುದು, ಪುಸ್ತಕವನ್ನು ಅರ್ಧಕ್ಕೇ ಬಿಡುವುದು, ಓದದೆಯೇ ಇರುವುದು ಕೂಡ ಸೇರಿವೆ. ಈ ಕಡೆಯದು ಪಾಲಕರಿಗೆ ರುಚಿಸಲಿಕ್ಕಿಲ್ಲ. ಆದರೆ ಓದಿದ್ದಕ್ಕೆಲ್ಲ ಸಾರಾಂಶ ಬರೆಸುವ, ಪ್ರಶ್ನೆ ಕೇಳುವ ಪದ್ಧತಿ ಇನ್ನೂ ಹೆಚ್ಚು ಹಾನಿ ಮಾಡುತ್ತದೆ.

ಕನ್ನಡದಲ್ಲಿ ಆರಂಭಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹೇಳಿಮಾಡಿಸಿದಂತಿದೆ. ಹಾರುವ ಓತಿಯ ಬೆನ್ನುಹತ್ತುವ ವಿಜ್ಞಾನಿ, ಹಳ್ಳಿಯ ಮಂದಣ್ಣ, ಅವನ ಪಡಿಪಾಟಲು, ಪಶ್ಚಿಮ ಘಟ್ಟದ ಕಾಡು ಎಲ್ಲವೂ ತೆಳುವಾದ ಒಂದೇ ಪುಸ್ತಕದಲ್ಲಿವೆ. ‘ಮಲೆಗಳಲ್ಲಿ ಮದುಮಗಳು’ ತರಹದ ದೊಡ್ಡ ಕಾದಂಬರಿ ಸ್ವಲ್ಪ ಕಾಯಬಹುದು. ಪತ್ತೇದಾರಿ ಕಾದಂಬರಿ, ಕಾಮಿಕ್ಸ್, ಪತ್ರಿಕೆಯ ಕ್ರಿಕೆಟ್ ಪುಟ ಇವೂ ಓದೇ.

ಮನೆಯ ಹಿರಿಯರು ಟಿ.ವಿ. ಮುಂದೆ ಕೂತು ಮಕ್ಕಳಿಗೆ ಪುಸ್ತಕ ಹಿಡಿಸುವುದು ಫಲಿಸುವುದಿಲ್ಲ. ರಾತ್ರಿ ಊಟದ ನಂತರ ಸ್ವಲ್ಪ ಹೊತ್ತು ಎಲ್ಲರೂ ತಮಗಿಷ್ಟವಾದದ್ದನ್ನು ಓದುವುದು, ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ಹೆಸರಿಗೇ ಸದಸ್ಯತ್ವ ಮಾಡಿಸಿ ಪುಸ್ತಕ ಆರಿಸುವುದನ್ನು ಅವರಿಗೇ ಬಿಡುವುದು ಹೆಚ್ಚು ಉಪಯುಕ್ತ.