ಕುದುರೆಮರಿಯ ಪೋಷಣೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳ ರೈತರಿಗೆ ಆಕಳು, ಎಮ್ಮೆ, ಎತ್ತುಗಳ ಮೇವಿನ ವಿಷಯದಲ್ಲಿ ನಾವು ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಕುದುರೆಯ ಮಾತು ಬೇರೆ. ಕುದುರೆ ಎಂದೊಡನೆ ಅರಸರ ಲಾಯವೋ ಪಂದ್ಯದ ಮೈದಾನವೋ ನಮ್ಮ ಕಣ್ಣಿಗೆ ಕಟ್ಟುತ್ತದೆ. ಆದರೆ ನಮ್ಮ ಹೊಲಗಳಲ್ಲಿಯೇ ಕಾಣಸಿಗುವ ಕುದುರೆಗಳೂ ಇವೆ. ಸುಗ್ಗಿಯಾದ ಮೇಲೆ ಬೆಳಗಾವಿ ಸೀಮೆಯ ಕುರಿಗಾರರು ಹಿಂಡು ಹೊಡೆದುಕೊಂಡು ಈ ಕಡೆ ಬರುತ್ತಾರೆ. ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಆ ಕುರಿಗಾರರ ಗುಡಾರ, ಪಾತ್ರೆ, ಕಾಳಿನ ಚೀಲ, ನಡೆಯಲಾರದ ಕುರಿಮರಿ ಎಲ್ಲವೂ ಸಣ್ಣ ತಟ್ಟುಗಳ ಬೆನ್ನ ಮೇಲೆ ಸಾಗುತ್ತವೆ. ಒಂದು ತಟ್ಟಿನ ಮರಿ ಸತ್ತರೆ ಆ ಸಂಸಾರದ ನಾಳಿನ ಬಂಡಿಯೇ ಮುರಿದಂತೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದುದು ಮಾರ್ಕೊ ಪೋಲೊನ ಪ್ರವಾಸ ವೃತ್ತಾಂತ. 13ನೆಯ ಶತಮಾನದ ಕೊನೆಯಲ್ಲಿ ಆತನು ಕಂಡ ಚೋಳಮಂಡಲ ತೀರದಲ್ಲಿ ಅರಸರು ಕಡಲಾಚೆಯಿಂದ ಅಪಾರ ಹಣ ಕೊಟ್ಟು ಕುದುರೆಗಳನ್ನು ತರಿಸುತ್ತಿದ್ದರು. ಅಲ್ಲಿ ಅವಕ್ಕೆ ಬೇಯಿಸಿದ ಅಕ್ಕಿ, ಮಾಂಸಗಳನ್ನು ತಿನ್ನಿಸುತ್ತಿದ್ದರೆಂದೂ, ಒಳ್ಳೆಯ ಜಾತಿಯ ಕುದುರೆಗಳಿಗೂ ಕಾಲು ಸೊಟ್ಟಗಿನ, ಕೆಲಸಕ್ಕೆ ಬಾರದ ಮರಿಗಳು ಹುಟ್ಟುತ್ತಿದ್ದವೆಂದೂ ಆತನು ಬರೆದಿದ್ದಾನೆ. ಅಕ್ಕಿಯಲ್ಲಿಯೂ ಮಾಂಸದಲ್ಲಿಯೂ ಎಲುಬಿಗೆ ಬೇಕಾದ ಸುಣ್ಣದ ಅಂಶ ತೀರ ಕಡಿಮೆ, ರಂಜಕ ಹೆಚ್ಚು ಎಂಬುದನ್ನು ಬಲ್ಲ ಇಂದಿನ ಓದುಗನಿಗೆ, ದೋಷವು ತಳಿಯದಕ್ಕಿಂತ ಗೋದಲಿಯದಾಗಿರಬೇಕು ಎಂಬ ಸಂಶಯ ಬರುವುದು ಸಹಜ. ಮರಿಯ ಯೋಗ್ಯತೆ ಅರ್ಧಕ್ಕರ್ಧ ಅದರ ಮೇವಿನಲ್ಲಿದೆ. ಮೊದಲ ಮೂರು ತಿಂಗಳು ಮರಿಯ ಮೇವೆಂದರೆ ತಾಯಿಯ ಮೇವೇ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಕುದುರೆಯ ಗರ್ಭಕಾಲ ಸುಮಾರು 11 ತಿಂಗಳು. ಮನುಷ್ಯರಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ಗರ್ಭದಲ್ಲಿಯೇ ತಾಯಿಯಿಂದ ಮಗುವಿಗೆ ಸೇರುತ್ತವೆ. ಕುದುರೆಯಲ್ಲಿ ಹಾಗಿಲ್ಲ, ಮಾಸಿನ ಪದರಗಳು ಅವನ್ನು ದಾಟಗೊಡುವುದಿಲ್ಲ. ಆದುದರಿಂದ ಮರಿ ಯಾವ ರಕ್ಷಣೆಯೂ ಇಲ್ಲದೆ ಭೂಮಿಗೆ ಬೀಳುತ್ತದೆ. ಆ ರಕ್ಷಣೆ ಇರುವುದು ಗಿಣ್ಣುಹಾಲಿನಲ್ಲಿ. ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಮೊದಲ 6ರಿಂದ 8 ಗಂಟೆಗಳಲ್ಲಿ ಹೆಚ್ಚು. 24 ಗಂಟೆ ಕಳೆಯುವ ಹೊತ್ತಿಗೆ ಆ ಬಾಗಿಲು ಮುಚ್ಚಿದಂತೆಯೇ. ಆಕಳ ಗಿಣ್ಣನ್ನು ನಾವು ನೆರೆಹೊರೆಗೆ ಹಂಚಿ ತಿನ್ನುವುದುಂಟು. ಕುದುರೆಯ ಗಿಣ್ಣಿನಲ್ಲಿ ಹಂಚಲು ಒಂದು ಬೊಗಸೆಯೂ ಇಲ್ಲವೆಂದು ತಿಳಿಯಬೇಕು.

ಪಶುವೈದ್ಯರು ಒಂದು ಸುಲಭವಾದ ಲೆಕ್ಕ ಹೇಳುತ್ತಾರೆ. ಹುಟ್ಟಿದ 1 ಗಂಟೆಯಲ್ಲಿ ಮರಿ ಎದ್ದು ನಿಲ್ಲಬೇಕು. 2 ಗಂಟೆಯಲ್ಲಿ ಮೊಲೆಯುಣ್ಣಬೇಕು. 3 ಗಂಟೆಯಲ್ಲಿ ತಾಯಿಯ ಮಾಸು ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಬೇಕು.

ಮೊದಲ ವಾರದಲ್ಲಿ ಮರಿ ಗಂಟೆಗೆ ಹಲವು ಸಲ ಸ್ವಲ್ಪಸ್ವಲ್ಪವೇ ಉಣ್ಣುತ್ತದೆ. ಊರಿಂದೂರಿಗೆ ನಡೆಯುವವರು ನೆನಪಿಡಬೇಕಾದ ಸಂಗತಿ ಇದು. ತಾಯಿಯ ಮೇಲೆ ಹೊರೆ ಹೇರಿ ತಾಸುಗಟ್ಟಲೆ ನಿಲ್ಲಿಸದೆ ನಡೆಸಿದರೆ ಮರಿ ಉಪವಾಸ ಬಿದ್ದಂತೆಯೇ. ರಾಣೆಬೆನ್ನೂರಿನ ಹೊರಗೆ ಬೀಡುಬಿಟ್ಟಿದ್ದ ಹಿರಿಯ ಕುರಿಗಾರರೊಬ್ಬರನ್ನು ನಾನು ಈ ಬಗ್ಗೆ ಕೇಳಿದೆ. “ಮರಿ ಹಾಕಿದ ತಟ್ಟಿಗೆ ಹೊರೆ ಹೇರೂದಿಲ್ಲರಿ, ಅದು ಉಂಡರ ಮರಿ ಉಂಡಂಗ” ಎಂದರು. ಶಾಸ್ತ್ರವೂ ಇದನ್ನೇ ಹೇಳುತ್ತದೆ. ಹಾಲೂಡುವ ಕುದುರೆಗೆ ಸುಮ್ಮನೆ ನಿಂತ ಕುದುರೆಗಿಂತ ಹೆಚ್ಚುಕಡಿಮೆ ಇಮ್ಮಡಿ ಶಕ್ತಿಯ ಆಹಾರ ಬೇಕು. ನೀರು, ಉಪ್ಪು ಸದಾ ಕೈಗೆಟಕುವಂತಿರಬೇಕು.

ಇನ್ನು ನಮ್ಮ ಸೀಮೆಯ ಮೇವುಗಳನ್ನು ಕುರಿತು ನಾಲ್ಕು ಮಾತು. ಇಂಗ್ಲಿಷರು ಹುರುಳಿಗೆ ಕುದುರೆಕಾಳೆಂದೇ ಹೆಸರಿಟ್ಟರು. ಅದರಲ್ಲಿ ನೂರಕ್ಕೆ ಸುಮಾರು 22 ಭಾಗ ಪ್ರೋಟೀನು ಇದೆ. ಬೇಯಿಸಿ ಕೊಟ್ಟರೆ ಚೆನ್ನಾಗಿ ಅರಗುತ್ತದೆ. ಹಸಿರಿನಲ್ಲಿ ಕುದುರೆಮಸಾಲೆ ಸೊಪ್ಪು ಶ್ರೇಷ್ಠ. ಅದರಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ತೌಡನ್ನು ಮಾತ್ರ ಮಿತದಲ್ಲಿಡಬೇಕು. ಅದರಲ್ಲಿ ಸುಣ್ಣಕ್ಕಿಂತ ರಂಜಕವೇ ಬಹುಪಾಲು. ತೌಡನ್ನೇ ನಂಬಿ ಸಾಕಿದ ಕುದುರೆಯ ಎಲುಬು ಮೆತ್ತಗಾಗಿ ಮುಖ ಊದಿಕೊಳ್ಳುತ್ತದೆ. ಬೂಸುರು ಹಿಡಿದ ಮೆಕ್ಕೆಜೋಳವಂತೂ ಪ್ರಾಣಾಪಾಯ. ಈ ಭಾಗದಲ್ಲಿ ಮೆಕ್ಕೆಜೋಳ ಬಹಳವಾಗಿ ಬೆಳೆಯುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮಳೆಗೆ ನೆನೆದ ತೆನೆಯಲ್ಲಿ ಬೆಳೆಯುವ ಫ್ಯುಸೇರಿಯಂ ಎಂಬ ಬೂಸುರಿನ ವಿಷವು ಕುದುರೆಯ ಮಿದುಳನ್ನೇ ಕರಗಿಸುತ್ತದೆ, ಅದಕ್ಕೆ ಮದ್ದಿಲ್ಲ. ಮಾರಾಟವಾಗದ ಕಾಳನ್ನು ‘ಕುದುರೆಗಾದರೂ ಆಗಲಿ’ ಎಂದು ಕೊಡುವುದು ಉಪಕಾರವಲ್ಲ. ಕೋಳಿಯ ಆಹಾರವನ್ನೂ ಹಾಕಕೂಡದು; ಅದರಲ್ಲಿ ಬೆರೆಸಿರಬಹುದಾದ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ.

ಸುಮಾರು ಮೂರನೆಯ ತಿಂಗಳಿನಿಂದ ತಾಯಿಯ ಹಾಲು ಮರಿಯ ಬೆಳವಣಿಗೆಗೆ ಸಾಲದಾಗುತ್ತದೆ. ಆಗ ತಾಯಿಯ ಬಾಯಿಗೆ ಸಿಗದಂತೆ ಮರಿಗೆ ಬೇರೆಯಾಗಿ ಕಾಳಿನ ಮಿಶ್ರಣ ಇಡಬೇಕು. ಮರಿಯಷ್ಟೇ ನುಸುಳುವಂತೆ ಒಂದು ಗಳು ಕಟ್ಟಿದರೆ ಸಾಕು. 100 ಕಿಲೋ ತೂಕದ ಮರಿಗೆ ದಿನಕ್ಕೆ ½ ರಿಂದ 1 ಕಿಲೋ, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ ಕೊಡಬೇಕು. ಕುದುರೆಯ ಜಠರ ಸಣ್ಣದು, ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಒಮ್ಮೆಲೇ ಹೊಟ್ಟೆ ತುಂಬ ಕಾಳು ತಿಂದರೆ ಶೂಲೆ ಬರುತ್ತದೆ. ಬರೀ ಕಣಿಕೆಯನ್ನು ಅರಗಿಸಿಕೊಳ್ಳುವ ಬಲ ಎಳೆಯ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಎಳೆಮರಿ ತಾಯಿಯ ಲದ್ದಿಯನ್ನು ತಿಂದರೆ ಹೊಡೆಯಬಾರದು. ಅರಗಿಸುವ ಜೀವಾಣುಗಳನ್ನು ಅದು ಹಾಗೆಯೇ ಪಡೆಯುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಹಾಲು ಬಿಡಿಸಬಹುದು.

ತಾಯಿ ಸತ್ತ ಮರಿಯ ಗತಿಯೇನು? ಕುದುರೆಯ ಹಾಲು ಆಕಳ ಹಾಲಿಗಿಂತ ತೆಳು, ಸಿಹಿ ಹೆಚ್ಚು. ಕೊಬ್ಬು ನೂರಕ್ಕೆ ಒಂದೂವರೆ ಭಾಗ ಮಾತ್ರ. ಆದುದರಿಂದ ಎಮ್ಮೆಯ ಗಟ್ಟಿ ಹಾಲು, ಕುರಿಯ ಹಾಲು ಅದಕ್ಕೆ ಒಗ್ಗವು. ಆಕಳ ಹಾಲಿನ ಕೆನೆ ತೆಗೆದು, ಲೀಟರಿಗೆ 20 ಗ್ರಾಂ ಗ್ಲೂಕೋಸು ಬೆರೆಸಿ ಕೊಡಬಹುದು. ಸಕ್ಕರೆಯಾಗಲಿ ಬೆಲ್ಲವಾಗಲಿ ಬೇಡ. ಎಳೆಮರಿಗೆ ಅದು ಅರಗದೆ ಭೇದಿಯಾಗುತ್ತದೆ. ಆಡಿನ ಹಾಲನ್ನು ಮರಿಗಳು ಇಷ್ಟಪಟ್ಟು ಕುಡಿಯುತ್ತವೆ. ಕುರಿಹಿಂಡಿನಲ್ಲಿ ನಾಲ್ಕು ಆಡು ಇದ್ದರೆ ಅದೇ ದೊಡ್ಡ ಭಾಗ್ಯ. 20 ಕಿಲೋ ತೂಕದ ಮರಿಗೆ ದಿನಕ್ಕೆ 4ರಿಂದ 5 ಲೀಟರು ಬೇಕಾಗುತ್ತದೆ. ಮೊದಲ ದಿನ ಅದರ ಅರ್ಧದಿಂದ ಆರಂಭಿಸಿ, ಮೊದಲ ವಾರ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಕೊಡಬೇಕು. ಮರಿ ನಿಂತುಕೊಂಡೇ ಕುಡಿಯಬೇಕು. ಮಲಗಿಸಿ ಗೊಟ್ಟದಿಂದ ಹೊಯ್ದರೆ ಹಾಲು ಪುಪ್ಪುಸಕ್ಕೆ ಇಳಿದೀತು.

ಇವುಗಳಲ್ಲಿ ಹಣ ಕೇಳುವ ಸಂಗತಿಗಳು ಕಡಿಮೆ. ಹೊತ್ತಿಗೆ ಸರಿಯಾಗಿ ಮಾಡಬೇಕಾದವು ಹೆಚ್ಚು. ನಮ್ಮ ಗೆಳೆಯರಲ್ಲಿ ಬಹುಮಂದಿ ಹೊಲಮನೆಯವರೇ. ಈ ಸಲ ನಿಮ್ಮ ಹೊಲದಲ್ಲಿ ಕುರಿ ತರುಬಿದಾಗ, ಮರಿ ಹಾಕಿದ ತಟ್ಟೊಂದು ಅಲ್ಲಿದ್ದರೆ, ಒಂದು ಬುಟ್ಟಿ ಒಣ ಶೇಂಗಾ ಹೊಟ್ಟು, ಒಂದು ಸೇರು ಹುರುಳಿ ಕೊಡಿರಿ. ಬೂಸುರಿಲ್ಲದ್ದನ್ನು ನೋಡಿ ಕೊಡಿರಿ.