ಪಂಪಿನ ಹರಿವಿನ ಲೆಕ್ಕ: ಬೇಸಿಗೆಯನ್ನು ಬಿಟ್ಟರೆ ಅರ್ಧವಷ್ಟೇ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳಲ್ಲಿ ಬೋರ್‌ವೆಲ್‌ಗೆ ಇಳಿಸಿದ ಸಬ್‌ಮರ್ಸಿಬಲ್ ಪಂಪು ವರ್ಷವಿಡೀ ಒಂದೇ ಹದದಲ್ಲಿ ದುಡಿಯುವುದಿಲ್ಲ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಷ್ಟೂ ಎತ್ತಬೇಕಾದ ಎತ್ತರ ಹೆಚ್ಚುತ್ತದೆ, ಬರುವ ನೀರು ಕಡಿಮೆಯಾಗುತ್ತದೆ. ಹಾಗಾಗಿ ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ ಪಂಪಿನ ಹರಿವನ್ನು ಲೆಕ್ಕ ಹಾಕುವವರು ನೇಮ್‌ಪ್ಲೇಟಿನ ಹರಿವಿಗೊಮ್ಮೆ, ಬೇಸಿಗೆಯ ಕಡಿಮೆ ಹರಿವಿಗೊಮ್ಮೆ ಲೆಕ್ಕ ಮಾಡಲೇಬೇಕು.

ಮೊದಲು ಒಂದೇ ಸ್ಟೇಜ್ (ಒಂದು ಇಂಪೆಲ್ಲರ್ ಮತ್ತು ಅದರ ಡಿಫ್ಯೂಸರ್) ಆರಿಸಿ, ಇಂಪೆಲ್ಲರಿನ ನೀರನ್ನು ತಿರುಗುವ ವಲಯವೆಂದೂ ಡಿಫ್ಯೂಸರಿನದನ್ನು ನಿಂತ ವಲಯವೆಂದೂ ಬೇರ್ಪಡಿಸಿ. ಎರಡನೆಯದು ಮೆಶ್: ಬ್ಲೇಡುಗಳಿಗೆ ತಾಗಿದ ಪದರಗಳು ತೆಳುವಾಗಿರಲಿ. ಮೂರನೆಯದು ವೇಗ: ನಿಮಿಷಕ್ಕೆ 2,880 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 301.6 ರೇಡಿಯನ್. ರೇಡಿಯನ್ ಕೇಳುವ ಜಾಗದಲ್ಲಿ 2,880 ಎಂದೇ ತುಂಬಿದರೆ ಒತ್ತಡ ತೊಂಬತ್ತು ಪಟ್ಟು ಉಬ್ಬುತ್ತದೆ. ನಾಲ್ಕನೆಯದಾಗಿ ಒಳಬಾಯಿಗೆ ಒತ್ತಡ, ಹೊರಬಾಯಿಗೆ ಹರಿವು ಕೊಟ್ಟು, ಟರ್ಬ್ಯುಲೆನ್ಸ್ ಮಾದರಿಯೊಂದನ್ನು ಆರಿಸಿ, ‘ಫ್ರೋಜನ್ ರೋಟರ್’ ವಿಧಾನದಲ್ಲಿ ಬಿಡಿಸಿ. ಇದರಲ್ಲಿ ಇಂಪೆಲ್ಲರ್ ಒಂದೇ ಕೋನದಲ್ಲಿ ನಿಂತಿರುತ್ತದೆ. ತಿರುಗುವಿಕೆಯ ಪರಿಣಾಮ ಸಮೀಕರಣದೊಳಗೆ ಸೇರುತ್ತದೆ.

ಇಷ್ಟೇ ಸಾಲದೇ ಎಂದು ಕೇಳಬಹುದು. ನೇಮ್‌ಪ್ಲೇಟಿನ ಹರಿವಿಗೆ ಬಹುಮಟ್ಟಿಗೆ ಸಾಕು. ಆದರೆ ಹರಿವು ಕುಗ್ಗಿದಾಗ ನೀರು ಬ್ಲೇಡಿನಿಂದ ಕಳಚಿ ಹಿಂದಕ್ಕೆ ಸುಳಿಯುತ್ತದೆ, ಆ ಸುಳಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇಂಪೆಲ್ಲರನ್ನು ಕೆಲವು ಡಿಗ್ರಿ ತಿರುಗಿಸಿಟ್ಟು ಮತ್ತೊಮ್ಮೆ ಬಿಡಿಸಿ ನೋಡಿ. ಹೆಡ್, ಅಂದರೆ ನೀರನ್ನು ಎತ್ತುವ ಎತ್ತರ, ಗಮನಾರ್ಹವಾಗಿ ಬದಲಾದರೆ ಇಂಪೆಲ್ಲರಿನ ಮೆಶ್ ನಿಜವಾಗಿಯೇ ತಿರುಗುವ ‘ಸ್ಲೈಡಿಂಗ್ ಮೆಶ್’ ವಿಧಾನ ಅನಿವಾರ್ಯ. ಹಳೆಯ ಉತ್ತರದಿಂದಲೇ ಆರಂಭಿಸಿ, ಹೆಜ್ಜೆಗೆ ಒಂದು ಡಿಗ್ರಿಯಂತೆ, ಅಂದರೆ ಸುಮಾರು 58 ಮೈಕ್ರೋಸೆಕೆಂಡಿನಂತೆ, ಸುತ್ತಿನಿಂದ ಸುತ್ತಿಗೆ ಸರಾಸರಿ ಹೆಡ್ ನೆಲೆಗೊಳ್ಳುವವರೆಗೆ ನಡೆಸಿ. ಇದಕ್ಕೆ ಸಮಯ ಹಿಡಿಯುತ್ತದೆ ನಿಜ. ಅದಕ್ಕೇ ಈ ದೀರ್ಘ ಲೆಕ್ಕವನ್ನು ಬೇಸಿಗೆಯ ಹರಿವಿಗೆ ಮಾತ್ರ ಮೀಸಲಿಡಿ. ತಂತ್ರಾಂಶ ದುಬಾರಿ ಎಂಬ ಆಕ್ಷೇಪವೂ ಪೂರ್ತಿ ನಿಲ್ಲದು: ಫಿನ್‌ಲ್ಯಾಂಡಿನ ಸಿಎಸ್‌ಸಿ ಸಂಸ್ಥೆಯ ‘ಎಲ್ಮರ್’ ಉಚಿತ, ಕಲಿಕೆಯ ಆರಂಭಕ್ಕೆ ಸಾಕು.

ತಂತ್ರಾಂಶ ತೋರಿಸುವ ಬಣ್ಣದ ಚಿತ್ರ ಪುರಾವೆಯಲ್ಲ, ಉತ್ತರವನ್ನು ಪರೀಕ್ಷಿಸಬೇಕು. 100 ಮಿಲಿಮೀಟರ್ ವ್ಯಾಸದ ಇಂಪೆಲ್ಲರಿನ ಅಂಚು ನಿಮಿಷಕ್ಕೆ 2,880 ಸುತ್ತಿನ ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಬ್ಲೇಡುಗಳು ಹಿಂದಕ್ಕೆ ಬಾಗಿದ್ದು, ನೀರು ಸುಳಿಯಿಲ್ಲದೆ ಒಳಬಂದರೆ ಒಂದು ಸ್ಟೇಜಿನ ಹೆಡ್ 23 ಮೀಟರ್ ಮುಟ್ಟಲಾರದು. ಮುಟ್ಟಿದರೆ ಲೆಕ್ಕವೇ ತಪ್ಪು. ಮೆಶ್ ಇನ್ನಷ್ಟು ಸಣ್ಣದಾಗಿಸಿದರೂ ಉತ್ತರ ಕದಲಬಾರದು. ಕೊನೆಗೆ ಕಂಪನಿ ಕೊಟ್ಟ ಹೆಡ್–ಡಿಸ್ಚಾರ್ಜ್ ರೇಖೆಯೊಂದಿಗೆ ಎರಡೂ ಬಿಂದುಗಳನ್ನು ಹೋಲಿಸಿ. ಬೇಸಿಗೆಯ ಬಿಂದುವಿನಲ್ಲಿ ದಕ್ಷತೆ ತೀರಾ ಕುಸಿದಿದ್ದರೆ, ಹೆಚ್ಚು ಎಚ್‌ಪಿಯ ಮೋಟರಿಗೆ ಕೈ ಹಾಕುವ ಮೊದಲು ಸ್ಟೇಜುಗಳ ಸಂಖ್ಯೆಯನ್ನು ಪರಿಶೀಲಿಸಿ. ಎತ್ತರ ಹೆಚ್ಚು ಸ್ಟೇಜುಗಳಿಗೆ ಹಂಚಿಹೋದರೆ ಪ್ರತಿಯೊಂದೂ ತನ್ನ ಹದದ ಹರಿವಿಗೆ ಮರಳುತ್ತದೆ. ಮೋಟರ್ ಬದಲಿಸಬೇಕೇ ಎಂಬುದು ಆಮೇಲಿನ ಲೆಕ್ಕ.